ಹಿರೇವ್ವನ ಕಂಬ

ಭರಮವ್ವನ ಮನೆಯ ಪಡಸಾಲೆಗೆ ಡಿಸ್ಟೆಂಪರ್ ಬಂದದ್ದು ಮಗನ ಮದುವೆಯ ಹೊತ್ತಿಗೆ. ಗಂಡಸರು ಕೂರುವ, ಬಂದವರು ನೋಡುವ ಗೋಡೆಗಳಿಗೆ ಖಾನಾಪುರದ ಅಂಗಡಿಯ ತಿಳಿನೀಲಿ ಬಣ್ಣ ಬಿತ್ತು. ಒಲೆಯ ಹಿಂದಿನ ಗೋಡೆ, ದೇವರ ಜಗಲಿ, ನೀರಿನ ಮೂಲೆ ಮಾತ್ರ ಮೊದಲಿನಂತೆ ಶೇಡಿಮಣ್ಣಿಗೇ ಉಳಿದವು. ಅಂಗಡಿಯ ಬಣ್ಣ ದೇವರಿಗೆ ನಡೆಯುವುದಿಲ್ಲ ಎಂದವನು ಅವಳ ಗಂಡ ಲಕ್ಷ್ಮಪ್ಪ. ಹಾಗೆಂದವನು ಹುಟ್ಟಿದಾಗಿನಿಂದ ಒಂದು ಬೊಗಸೆ ಶೇಡಿ ತಂದವನಲ್ಲ. ಆ ಬಿಳಿ ಮಣ್ಣನ್ನು ಅಗೆದು, ಹೊತ್ತು, ನೆನೆಸಿ, ಸೋಸಿ, ಅರಿವೆಯ ಉಂಡೆಯಿಂದ ಗೋಡೆಗೆ ಬಳಿಯುವುದು ಹೆಂಗಸರ ಕೆಲಸ. ಅದು ಒಣಗಿ ಹಾಲಿನಂತೆ ಬೆಳ್ಳಗಾದ ಮೇಲೆ ಮುಂದೆ ಕೂತು ಕೈಮುಗಿಯುವುದು ಮನೆಯವರೆಲ್ಲರ ಕೆಲಸ.

ಬೀಡಿ ಎಂಬ ಊರಿನಿಂದ ನಂದಗಡದ ಕಡೆಗಿನ ರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುವ ಸಣ್ಣ ಊರು ಅದು. ಊರಿನ ಬೆನ್ನಿಗೆ ಕರಿಬಂಡೆ. ಮನೆಯ ಸೂರಿನ ಹಾಗೆ ಮುಂದಕ್ಕೆ ಚಾಚಿಕೊಂಡ ಕಪ್ಪುಕಲ್ಲಿನ ದಿಬ್ಬ. ಅದರ ಬುಡದಲ್ಲಿ ಉದ್ದಕ್ಕೂ ಒಂದು ಬಿಳಿ ಪಟ್ಟಿ, ರೊಟ್ಟಿಯ ಅಂಚಿನಿಂದ ಬೆಣ್ಣೆ ಹೊರಬಂದಂತೆ. ಅದೇ ಶೇಡಿ. ಎಷ್ಟೋ ತಲೆಮಾರಿನ ಹೆಂಗಸರು ಮೊದಲು ಅಲ್ಲಿ ಕೂತು, ಆಮೇಲೆ ಬಗ್ಗಿ, ಆಮೇಲೆ ತೆವಳಿ ಮಣ್ಣು ತೆಗೆದು ತೆಗೆದು, ಕಲ್ಲಿನ ಕೆಳಗೆ ಒಂದು ಮನೆಯಷ್ಟು ಜಾಗ ಟೊಳ್ಳಾಗಿತ್ತು. ಅದನ್ನು ಗವಿ ಎನ್ನುತ್ತಿದ್ದರು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಮುತ್ತೈದೆಯರಿಗೆ ಮಾತ್ರ ಒಳಗೆ ದಾರಿ. ಗಂಡಸರು ಹೋಗುವಂತಿರಲಿಲ್ಲ, ಮದುವೆಯಾಗದ ಹುಡುಗಿಯರು ಹೋಗುವಂತಿರಲಿಲ್ಲ.

ಗವಿಯ ನಡುವೆ ಒಂದು ಕಂಬ. ಯಾರೂ ಕಟ್ಟಿದ್ದಲ್ಲ, ಸುತ್ತಲಿನ ಮಣ್ಣನ್ನೆಲ್ಲ ತೆಗೆದಾಗ ತೆಗೆಯದೆ ಬಿಟ್ಟ ಮಣ್ಣು. ಮೊಟ್ಟಮೊದಲು ಇಲ್ಲಿ ಶೇಡಿ ಕಂಡ ಹಿರಿಯಳೊಬ್ಬಳು ಅದನ್ನು ಬಿಟ್ಟಳಂತೆ. ಹಾಗಾಗಿ ಅದು ಹಿರೇವ್ವನ ಕಂಬ. ಅದಕ್ಕೆ ಮಣ್ಣು ಕೆತ್ತುವ ಖುರಪಿ ತಾಗಿಸಬಾರದು. ಆದರೆ ಹೊಸ ಸೊಸೆ ತನ್ನ ಮೊದಲ ಮಹಾನವಮಿಗೆ ಎಲ್ಲರಿಗಿಂತ ಮುಂದೆ ಗವಿ ಹೊಕ್ಕು, ಬರಿಗೈಯಿಂದ ಕಂಬ ಕೆರೆದು, ಒಂದು ಹಿಡಿ ಮಣ್ಣನ್ನು ಉಡಿಯಲ್ಲಿ ಹಾಕಿಕೊಂಡು ಬರಬೇಕು. ಆ ಹಿಡಿಯಿಂದಲೇ ಗಂಡನ ಮನೆಯ ಜಗಲಿಗೆ ಮೊದಲ ಬಳಿತ. ಖುರಪಿಯಿಂದ ಕಾಯ್ದ ಕಂಬವನ್ನು ಹೀಗೆ ಸೊಸೆಯಂದಿರ ಉಗುರು ತಿನ್ನುತ್ತ ಬಂದಿತ್ತು. ಭಕ್ತಿಯಿಂದ ತೆಗೆದದ್ದನ್ನು ತೆಗೆದದ್ದು ಎಂದು ಯಾರೂ ಎಣಿಸಿರಲಿಲ್ಲ.

ಭರಮವ್ವ ಕಿತ್ತೂರಿನ ಕಡೆಯವಳು. ಅವಳೂ ಹಿಡಿ ತಂದಿದ್ದಳು. ಹಿಡಿ ತಂದವಳು ಮನೆಯವಳಾದಳು ಎನ್ನುವುದು ಊರಿನ ಮಾತು. ಮನೆಯವಳಾಗುವುದೆಂದರೆ ಏನೆಂದು ಅವಳಿಗೆ ಮರುದಿನದಿಂದ ತಿಳಿಯಿತು. ನಸುಕಿನಲ್ಲಿ ಕುರಿಹಟ್ಟಿ ಗುಡಿಸುವವಳು, ನೀರು ಹೊರುವವಳು, ಮಾವನಿಗೆ ಬಿಸಿರೊಟ್ಟಿ, ಮೈದುನರಿಗೆ ಬುತ್ತಿರೊಟ್ಟಿ, ತನಗೆ ಉಳಿದ ರೊಟ್ಟಿ. ಕುರಿ ಮಾರಿದ ದುಡ್ಡು ಯಾರ ಕೈಗೆ ಹೋಗುತ್ತದೆಂದು ಅವಳು ಕೇಳಿದ್ದಿಲ್ಲ, ಕುರಿ ಈದರೆ ಮಾತ್ರ ಅವಳನ್ನೇ ಎಬ್ಬಿಸುತ್ತಿದ್ದರು. ಅತ್ತೆ ಸತ್ತ ಮೇಲೆ ಗವಿಯ ಹಿರಿತನ ಅವಳಿಗೆ ಬಂತು. ಮಹಾನವಮಿ ಅಮಾವಾಸ್ಯೆಯ ದಿನ ಒಬ್ಬಳೇ ಹೋಗಿ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ಹೊಸ ಕುಪ್ಪಸದ ಖಣ ಸುತ್ತಿ ಬರುವುದು, ಮರುದಿನ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗುವುದು. ಊರು ಅವಳಿಗೆ ಕೊಟ್ಟ ಒಂದೇ ಒಂದು ದೊಡ್ಡಸ್ತಿಕೆ ಅದು. ಅದನ್ನು ಅವಳು ಇಷ್ಟಪಟ್ಟಿದ್ದಳು. ಗವಿಯನ್ನು ಮಾತ್ರ ಎಂದೂ ಇಷ್ಟಪಟ್ಟಿರಲಿಲ್ಲ. ಒಳಗೆ ಹೋದ ಕೂಡಲೇ ತಲೆಯ ಮೇಲಿರುವುದು ಎಷ್ಟು ಭಾರ ಎಂದು ಕುತ್ತಿಗೆಗೆ ತಿಳಿಯುತ್ತಿತ್ತು.

ಈ ವರ್ಷ ಹಿಡಿ ತರಬೇಕಾದವಳು ಅವಳ ಸೊಸೆ ರೂಪಾಲಿ.

ರೂಪಾಲಿ ಬೆಳಗಾವಿಯ ವಡಗಾವಿಯಲ್ಲಿ ಹುಟ್ಟಿದವಳು. ಮಗ್ಗದ ಸದ್ದಿನ ಓಣಿ, ತಾಯಿ ಸೀರೆ ನೇಯುತ್ತಾಳೆ, ಮಗಳು ಶಾಲೆಗೆ ಮುಂಚೆ ಒಂದಿಷ್ಟು, ಶಾಲೆ ಬಿಟ್ಟ ಮೇಲೆ ಒಂದಿಷ್ಟು ನೂಲು ಸುತ್ತಿ ಬೆಳೆದವಳು. ಭರಮವ್ವನ ಮಗ ಬೀರೇಶನಿಗೆ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕೆಲಸ. ವಾರವೆಲ್ಲ ಗೆಳೆಯರ ಜೊತೆ ಖೋಲಿಯಲ್ಲಿ ಇರುತ್ತಾನೆ, ಶನಿವಾರ ಸಂಜೆ ಬರುತ್ತಾನೆ. ಹೀಗೆ ಹಳ್ಳಿಯ ಹುಡುಗ ಪೇಟೆಯಲ್ಲಿ, ಪೇಟೆಯ ಹುಡುಗಿ ಹಳ್ಳಿಯಲ್ಲಿ. ಅವಳನ್ನು ಕಟ್ಟಿಕೊಂಡವನು ಮಗ, ಅವಳ ಜೊತೆ ಸಂಸಾರ ಮಾಡುತ್ತಿದ್ದವಳು ಭರಮವ್ವ. ಇಬ್ಬರಿಗೂ ಹೆಚ್ಚು ಮಾತು ಬೇಕಿರಲಿಲ್ಲ. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುತ್ತಿದ್ದಳು.

ಬೇಸಿಗೆಯಲ್ಲಿ ರೂಪಾಲಿಯ ಗೆಳತಿ ಅಲಿಶಾ ಬಂದಿದ್ದಳು. ವಡಗಾವಿಯಲ್ಲಿ ಪಕ್ಕದ ಮನೆಯ ಅನ್ವರಿಯ ಮಗಳು, ಬೆಳಗಾವಿಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವವಳು. ಹೆಂಗಸರ ಪುಕ್ಕಟೆ ಟಿಕೆಟ್ಟಿನಲ್ಲಿ ಬೀಡಿಗೆ ಬಂದಿಳಿದು, ಚಹಾ ಕುಡಿಯುವ ಮುಂಚೆಯೇ ಕರಿಬಂಡೆ ನೋಡಬೇಕೆಂದಳು. ಬಿಳಿ ಪಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿದಳು. ಗೀರುಗೀರಾಗಿ ತೆರೆಯ ಗುರುತು, ಉರುಟು ಹರಳು, ಕಲ್ಲಾಗಿಹೋದ ಒಂದು ಸಣ್ಣ ಬಸವನಹುಳದ ಚಿಪ್ಪು ತೋರಿಸಿದಳು.

"ಇದು ಹೊಳಿ ಹಾಸಿ ಹೋದ ಮಣ್ಣು ರೀ ಅವ್ವಾರ."

"ಯಾವ ಹೊಳಿ? ಮಲಪ್ರಭಾನ?"

"ಮಲಪ್ರಭಾ ಹುಟ್ಟೂಕಿಂತ ಭಾಳ ಮೊದಲಿಂದು. ಆ ಹೊಳಿಗೆ ಹೆಸರಿಡಾಕ ಮನಷ್ಯಾರ ಇರಲಿಲ್ಲ. ಆ ಕಾಲಕ್ಕ ಕ್ರಿಟೇಶಿಯಸ್ ಅಂತಾರ. ಆರೂವರಿ ಕೋಟಿ ವರ್ಷದ ಮ್ಯಾಲಾತು. ಡೈನೋಸಾರ್ ಅಡ್ಡಾಡ್ತಿದ್ವು."

"ನಮ್ಮ ಮಾವ ಇದನ್ನ ತಮ್ಮ ಮುತ್ಯಾನ ಕಾಲದ್ದು ಅಂತಿದ್ದ," ಎಂದಳು ಭರಮವ್ವ. "ಮ್ಯಾಲಿನ ಕರಿಕಲ್ಲು?"

"ಅದು ಹಿಂದಾಗಡೆ ಬಂದದ್ದು. ಭೂಮಿ ಸೀಳಿ ಬೆಂಕಿ ಹರದು ಬಂದು ಹೊಳೀನ ಮುಚ್ಚಿಬಿಟ್ಟೈತಿ. ಆಮ್ಯಾಲೆ ಆರಿ ಕಲ್ಲಾಗೇತಿ."

ಭರಮವ್ವನಿಗೆ ಅದು ತಟ್ಟನೆ ಕಣ್ಣಿಗೆ ಕಟ್ಟಿತು. ಒಬ್ಬಳು ಅಂಗಳವನ್ನು ನುಣ್ಣಗೆ ಸಾರಿಸಿದ್ದಾಳೆ. ಅದು ಆರುವ ಮುಂಚೆಯೇ ಯಾರೋ ಬಂದು ಉರಿಯುವ ಒಲೆಯನ್ನು ಅದರ ಮೇಲೆ ಮಗುಚಿದ್ದಾರೆ.

ಅಲಿಶಾ ಮದುವೆಯಾಗದವಳು, ಗವಿಯೊಳಗೆ ಬಿಡುವಂತಿರಲಿಲ್ಲ. ಬಾಯಿಯಲ್ಲಿ ನಿಂತೇ ಕತ್ತಲೆಗೆ ಮೊಬೈಲಿನ ಬೆಳಕು ಬಿಟ್ಟಳು. ಬೆಳಕು ಹೋಗಿ ಹಿಂದಿನ ಗೋಡೆ ಮುಟ್ಟಲಿಲ್ಲ.

"ಇಷ್ಟು ದೊಡ್ಡ ಕಲ್ಲನ್ನ ಒಳಗ ಏನು ಹಿಡದೈತ್ರಿ?"

"ಹಿರೇವ್ವ ಹಿಡದಾಳ," ಎಂದು ಭರಮವ್ವ ಕಂಬದ ಸಂಗತಿ ಹೇಳಿದಳು, ಹಿಡಿಯ ಸಂಗತಿಯನ್ನೂ ಹೇಳಿದಳು.

ಅಲಿಶಾ ನಗಲಿಲ್ಲ. "ಕರಿಕಲ್ಲು ನೋಡಾಕ ಒಂದ ಕಲ್ಲು. ಖರೇ ಅಂದ್ರ ಬಾಜೂಕ ಬಾಜೂಕ ನಿಲ್ಲಿಸಿದ ಇಟ್ಟಂಗಿ ಹಂಗ, ನಡುವ ಸೀಳು ಅದಾವು. ಸೀಳಿನ್ಯಾಗ ಮಳಿನೀರು ಇಳದು ಕೆಳಗಿನ ಮಣ್ಣಿಗೆ ಹತ್ತಿದ್ರ ಕಂಬ ನಿಲ್ಲಂಗಿಲ್ಲ ರೀ. ಒಳಗ ಹೋಗಬ್ಯಾಡ್ರಿ ಅವ್ವಾರ. ರೂಪಾ, ನೀ ಅಂತೂ ಹೋಗಬ್ಯಾಡ."

ಹೋಗುವಾಗ ಪಂಚಾಯಿತಿಯ ಒಬ್ಬ ಸದಸ್ಯನಿಗೂ ಹೇಳಿ ಹೋದಳು. ಅದು ಹೆಣ್ಮಕ್ಕಳ ಜಾಗ, ನಾವು ಕೈಹಾಕೂದಿಲ್ಲ ಅಂದನಂತೆ.

ಆ ವರ್ಷ ಮಳೆ ಬಿಡಲೇ ಇಲ್ಲ. ಗಣಪತಿ ಹಬ್ಬ ಮುಗಿದರೂ ಬಂಡೆಯ ಮೇಲೆ ನೀರು ನಿಂತೇ ಇತ್ತು. ಲಕ್ಷ್ಮಪ್ಪನ ಕುರಿಗಳು ಯಾವಾಗಲೂ ಮಳೆ ಬಂದರೆ ಕರಿಬಂಡೆಯ ಸೂರಿನ ಕೆಳಗೆ ಓಡಿ ನಿಲ್ಲುತ್ತಿದ್ದವು. ಈ ವರ್ಷ ಓಡಲಿಲ್ಲ. ಬಯಲಿನಲ್ಲೇ ತಲೆ ತಗ್ಗಿಸಿ ಒಂದಕ್ಕೊಂದು ಒತ್ತಿಕೊಂಡು ತೊಯ್ಯುತ್ತ ನಿಂತವು. ಲಕ್ಷ್ಮಪ್ಪ ಕೋಲಿನಿಂದ ಬಡಿದು ಅಟ್ಟಿದರೂ ಹೋಗಲಿಲ್ಲ. "ಕುರಿಗೂ ಸೊಕ್ಕು ಬಂದೈತಿ," ಎಂದು ಬೈದುಕೊಂಡು ತಾನೊಬ್ಬನೇ ಸೂರಿನ ಕೆಳಗೆ ಕೂತು ಬೀಡಿ ಸೇದಿದ. ಭರಮವ್ವ ಅದನ್ನು ದೂರದಿಂದ ನೋಡಿದಳು. ಅಂದಿನಿಂದ ಅವಳಿಗೆ ನಿದ್ದೆ ಕಡಿಮೆಯಾಯಿತು.

ಅಮಾವಾಸ್ಯೆಯ ದಿನ ಹೊತ್ತೇರಿದ ಮೇಲೆ ಅರಿಶಿನ, ಕುಂಕುಮ, ಎಣ್ಣೆ ದೀಪ ಹಿಡಿದು ಗವಿಗೆ ಹೋದಳು. ರೂಪಾಲಿಯ ತಾಯಿ ವಡಗಾವಿಯಿಂದ ಕಳಿಸಿದ್ದ ಹಸಿರು ಖಣ ಸೊಂಟದಲ್ಲಿತ್ತು. ಬಾಯಿಯಲ್ಲಿ ಬಗ್ಗಿ, ಮುಂದೆ ತೆವಳಿ, ನಡುವೆ ಹೋಗಿ ಎದ್ದು ನಿಂತು ದೀಪ ಎತ್ತಿದಳು. ಮೊದಲು ಕಂಡದ್ದು ಹೋದ ವರ್ಷದ ಖಣ. ಅದು ಕಂಬದ ನಡುವಿನಲ್ಲಿ ಇರಲಿಲ್ಲ. ಸೊರಗಿದವಳ ಲಂಗದಂತೆ ಜಾರಿ ಬುಡದಲ್ಲಿ ಕೂತಿತ್ತು. ಗಂಟು ಬಿಚ್ಚಿರಲಿಲ್ಲ. ಗಂಟಿನೊಳಗಿನ ಕಂಬವೇ ಸಣ್ಣದಾಗಿತ್ತು.

ಅತ್ತೆಯ ಕಾಲದಲ್ಲಿ ಒಂದು ಖಣ ಸಾಲುತ್ತಿರಲಿಲ್ಲ, ಎರಡನ್ನು ಸೇರಿಸಿ ಗಂಟು ಹಾಕುತ್ತಿದ್ದರು. ಆಮೇಲೆ ಒಂದೇ ಸಾಲತೊಡಗಿದಾಗ ಅತ್ತೆ ಸಂತೋಷಪಟ್ಟಿದ್ದಳು, ಹಿರೇವ್ವ ಸಣ್ಣ ಮನೆಯವರ ಕಷ್ಟ ತಿಳಿದು ಕಡಿಮೆ ಬೇಡುತ್ತಾಳೆ ಎಂದು. ಭರಮವ್ವನೂ ಅದನ್ನೇ ನಂಬಿ ವರ್ಷವರ್ಷವೂ ಸುತ್ತಿದ್ದಳು. ಈಗ ಹೊಸ ಖಣ ಸುತ್ತಿದರೆ ಒಂದು ಸುತ್ತು ಮುಗಿದು ಇನ್ನೊಂದಕ್ಕೆ ಹೋಯಿತು. ದೀಪ ಕೆಳಗಿಟ್ಟು ಕಂಬವನ್ನು ತಬ್ಬಿದಳು. ಮದುವೆಯಾದ ವರ್ಷ ತಬ್ಬಿದಾಗ ಎರಡು ಕೈ ಕಂಬದ ಹಿಂದೆ ಒಂದಕ್ಕೊಂದು ಸಿಗದಷ್ಟು ದೂರ ಉಳಿದಿದ್ದವು. ಈಗ ಅವಳ ಬಲಗೈ ಅವಳದೇ ಎಡ ಮೊಣಕೈಯನ್ನು ಹಿಡಿಯಿತು. ಕೆನ್ನೆಗೆ ತಂಪು ಹತ್ತಿತು. ಮಣ್ಣು ತೇವವಾಗಿತ್ತು, ಉಗುರು ಒತ್ತಿದರೆ ಒಳಗೆ ಹೋಗುತ್ತಿತ್ತು. ಎಲ್ಲೋ ಮೇಲಿನಿಂದ ಒಂದು ಹನಿ ಬಿತ್ತು. ಹಿಂದೆಯೇ ಹಿಟ್ಟು ಜರಡಿ ಹಿಡಿದಂತೆ ಸಣ್ಣಗೆ ಏನೋ ಅವಳ ಬೈತಲೆಯ ಮೇಲೆ ಉದುರಿತು.

ಅವಳು ಎದ್ದು ಓಡಲಿಲ್ಲ. ಮಲಗಿದ ಕೂಸಿನ ಪಕ್ಕದಿಂದ ಏಳುವ ಹಾಗೆ, ಉಸಿರು ಹಿಡಿದು, ಒಂದೊಂದೇ ಕೈ ಬಿಡಿಸಿಕೊಂಡು ಹೊರಗೆ ಬಂದಳು.

ಮಧ್ಯಾಹ್ನ ಲಕ್ಷ್ಮಪ್ಪ ಉಣ್ಣಲು ಕೂತಾಗ ಮಾತು ತೆಗೆದಳು.

"ಕಂಬ ಸಣ್ಣ ಆಗೇತಿ. ಈ ಸಲ ಗವಿ ಬ್ಯಾಡ."

"ಬ್ಯಾಡಂದ್ರ? ಹೊಗಿ ಹಿಡದ ಜಗಲಿ ಮ್ಯಾಲ ನವರಾತ್ರಿ ಘಟ ಕುಂದರಸ್ತೀಯೇನು?"

"ನೀವ ಒಂದ ಸಲ ಬಂದು ನೋಡ್ರಿ."

"ಗಂಡಸರು ಹೋಗಾಂಗಿಲ್ಲ," ಎಂದ ಲಕ್ಷ್ಮಪ್ಪ. ಆ ನಿಯಮ ಅವನಿಗೆ ಎಷ್ಟು ಹಿತವಾಗಿದೆ ಎಂದು ಭರಮವ್ವ ಮೊದಲ ಸಲ ಗಮನಿಸಿದಳು. "ನಮ್ಮವ್ವ ಹೋದ್ಲು, ನೀ ಹೋದಿ. ಏನಾತು ನಿನಗ? ಗುಂಡಕಲ್ಲಿನಂಗ ಎದುರಿಗೆ ಕುಂತೀಯಲ್ಲ."

ಅವಳು ಒಂದು ತಂಬಿಗೆಯ ತುಂಬ ನೀರು ತಂದು ಅವನ ತಾಟಿನ ಪಕ್ಕ ಇಟ್ಟಳು. ಮೂಲೆಯಲ್ಲಿದ್ದ ಹೋದ ವರ್ಷದ ಶೇಡಿಯ ಹೆಂಟೆಯೊಂದನ್ನು ಅದರಲ್ಲಿ ಮೆಲ್ಲಗೆ ಬಿಟ್ಟಳು. ಹೆಂಟೆ ತಳದಲ್ಲಿ ಗಟ್ಟಿಯಾಗಿ ನಿಂತಿತು. ಒಂದೆರಡು ಗುಳ್ಳೆ ಮೇಲೆ ಬಂದವು. ಅವನು ಎರಡು ತುತ್ತು ನುಂಗುವವರೆಗೂ ಅದು ಹಾಗೇ ನಿಂತಿತ್ತು, ನೋಡಿದರೆ ಎಂದಿಗೂ ಅಲುಗದು ಎನಿಸುವಂತೆ. ಆಮೇಲೆ ಸದ್ದಿಲ್ಲದೆ, ಒಮ್ಮೆಗೇ, ಕೂತುಬಿಟ್ಟಿತು. ನೀರು ಹಾಲಿನಂತಾಯಿತು.

"ಮಣ್ಣು ನೀರಾಗ ಕರಗೂದು ಹೊಸಾದೇನ? ಸಾರು ಹಾಕು," ಎಂದ ಲಕ್ಷ್ಮಪ್ಪ.

ಬೀರೇಶನಿಗೆ ಫೋನ್ ಮಾಡಿದಳು. ಹಿಂದೆ ಯಂತ್ರಗಳ ಸದ್ದು. "ಯವ್ವಾ, ನಂಗ ಇಲ್ಲಿ ಶಿಫ್ಟ್ ಐತಿ. ಅದು ನಿಮ್ಮ ಹೆಣ್ಮಕ್ಕಳ ಶಾಸ್ತ್ರ, ನೀವ ನೋಡ್ಕೋರಿ," ಎಂದು ಇಟ್ಟುಬಿಟ್ಟ.

ಉಳಿದದ್ದು ಹೆಂಗಸರು. ಸಂಜೆ ನೀರಿನ ಟಾಕಿಯ ಹತ್ತಿರ ಎಲ್ಲರೂ ಇದ್ದಾಗ ಹೇಳಿದಳು. ಹಿರಿತನದಲ್ಲಿ ಅವಳ ನಂತರದವಳು ಸಾತವ್ವ, ಎರಡು ಮನೆ ಆಚೆಯವಳು. ತುಂಬಿದ ಕೊಡ ಸೊಂಟಕ್ಕೇರಿಸಿ ನಕ್ಕಳು.

"ಯಕ್ಕಾ, ವಡಗಾವಿ ಸೊಸಿ ಉಗುರು ಮುರೀತಾವಂತ ಹಿರೇವ್ವ ಸಣ್ಣ ಆದ್ಲೇನು?"

"ಉಗುರಿಗೆ ಬಣ್ಣ ಹಚ್ಯಾಳ, ಅದು ಹೋಗ್ತೈತಿ ಪಾಪ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

"ನಗೂದಲ್ಲ ಇದು. ನಾ ಕೈಯಾರೆ ತಬ್ಬಿ ನೋಡೀನಿ."

ಸಾತವ್ವನ ನಗು ನಿಂತಿತು. "ನಾ ಹಿಡಿ ತಂದಾಗ ಹೊಟ್ಟ್ಯಾಗ ಕೂಸಿತ್ತು. ತೆವಳಾಕ ಬರದ ಒಳಗ ಅತ್ತೇನಿ. ನನಗ ಯಾರು ಬ್ಯಾಡ ಅಂದ್ರು? ನೀನ ಗವಿ ಬಾಯಾಗ ನಿಂತು, ಲಗೂ ಬಾ ಅಂದಿ." ಸೊಂಟದ ಕೊಡವನ್ನು ಮೇಲಕ್ಕೆ ಸರಿಸಿಕೊಂಡಳು. "ನಿನಗ ಒಲ್ಲೆ ಆದ್ರ ಬಿಡು. ನಾ ಮುಂದ ಹೋಗ್ತೀನಿ. ಮುಂದಿನ ವರ್ಷ ನನ್ನ ಸೊಸಿ ಬರಾಕಿ ಅದಾಳ, ಆಕಿಗೆ ಗವಿ ಇರಬೇಕು."

ಆ ಸಿಟ್ಟು ಭರಮವ್ವನಿಗೆ ಅರ್ಥವಾಯಿತು, ಅದೇ ಕಷ್ಟವಾದದ್ದು. ತಾನು ಸಹಿಸಿದ್ದು ಬೇಕಾಗಿರಲಿಲ್ಲ ಎಂದು ಯಾವ ಹೆಂಗಸು ಒಪ್ಪುತ್ತಾಳೆ?

ರಾತ್ರಿಯ ಅಡುಗೆಗೆ ಕೂತಾಗ ಭರಮವ್ವ ರೊಟ್ಟಿ ಬಡಿಯುತ್ತ, ಮುಖ ಎತ್ತದೆ ಹೇಳಿದಳು. "ನಾಳೆ ನೀ ಹೊರಗಾಗೇನಿ ಅನ್ನು. ಮುಟ್ಟಾದಾಕಿನ್ನ ಯಾರೂ ಗವಿಗೆ ಕರಿಯೂದಿಲ್ಲ."

ರೂಪಾಲಿ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. "ನಾ ಉಳದ್ನಿ. ಸಾತವ್ವತ್ತಿ? ಉಳದಾವ್ರು?"

"ಹೇಳೀನಿ. ಕೇಳೂದಿಲ್ಲ."

"ಹೊರಗಾದಾಕಿ ಗವಿ ಮೆಟ್ಟಿದ್ರ ಏನಾಕ್ಕೈತ್ರಿ ಅತ್ತಿ?"

ಭರಮವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಅದು ಅವಳಿಗೆ ಗೊತ್ತಿತ್ತು. ಬಹಳ ಹಿಂದೆ ಒಬ್ಬಳಿಗೆ ಒಳಗಿದ್ದಾಗಲೇ ಮುಟ್ಟು ಬಂದಿತ್ತು. ಗವಿಯ ಬಾಯಿಗೆ ಜಾಲಿಮುಳ್ಳು ಹಾಕಿ ಒಂದು ವರ್ಷ ಯಾರೂ ಕಾಲಿಡಲಿಲ್ಲ. ಆದರೆ ಆಮೇಲೆ ಊರಿನಲ್ಲಿ ಯಾವ ಕೂಸಿಗೆ ಜ್ವರ ಬಂದರೂ, ಯಾವ ಕುರಿ ಸತ್ತರೂ ಅವಳ ಹೆಸರು ಬರುತ್ತಿತ್ತು. ಅವಳು ಮುದುಕಿಯಾಗಿ ಸತ್ತಳು, ಹೆಸರು ಸಾಯಲಿಲ್ಲ.

"ಒಂದ ವರ್ಷ ಗವಿ ಮುಚ್ಚತೈತಿ," ಎಂದಳು. "ಮುಚ್ಚಿಸಿದಾಕಿ ಜಲ್ಮ ಇರೂತನಕ ಬೈಸ್ಕೋತಾಳ."

"ಬೈಸ್ಕೊಂಡು ಬದುಕಬಹುದು ರೀ ಅತ್ತಿ. ವಡಗಾವಿಯೊಳಗ ಮಾಲಕನ ಬೈಗಳಾ ಕೇಳ್ಕೋತನ ನೂಲು ಸುತ್ತೀನಿ."

"ಹಂಗಲ್ಲವ್ವ. ಬರೇ ಬಾಯಿಂದ ಅಂದ್ರ ನಡಿಯೂದಿಲ್ಲ. ಎಲ್ಲಾರೂ ನೋಡೂವಂಗ ಒಳಗ ಹೋಗಿ ಕಂಬ ಮುಟ್ಟಿರಬೇಕು."

ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗತೊಡಗಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.

"ಮುಟ್ಟೂದಷ್ಟ ಅಲ್ಲೇನ್ರಿ. ಕೆರಿಯೂದಿಲ್ಲಲ್ಲ," ಎಂದಳು ರೂಪಾಲಿ ಕೊನೆಗೆ.

ಮರುದಿನ ಮಳೆ ನಿಂತಿತ್ತು, ಬಿಸಿಲು ಬಿದ್ದಿರಲಿಲ್ಲ. ಹೆಂಗಸರೆಲ್ಲ ಪುಟ್ಟಿ, ಖುರಪಿ ಹಿ‍ಡಿದು ಕರಿಬಂಡೆಗೆ ಬಂದರು. ಹೊಸ ಸೊಸೆ ಒಳಗೆ ಹೋಗುವಾಗ ಅವಳ ಸೆರಗಿಗೆ ಒಂದು ಹಳೆಯ ಸೀರೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಹಿರಿಯಳು ಗವಿಯ ಬಾಯಿಯಲ್ಲಿ ನಿಂತು ಕೈಯಲ್ಲಿ ಹಿಡಿಯುವುದು ಪದ್ಧತಿ. ಭರಮವ್ವ ಗಂಟನ್ನು ಹಾಕಿ ಎಳೆದು ನೋಡಿದಳು, ಬಿಚ್ಚಿ ಮತ್ತೆ ಹಾಕಿದಳು.

"ಏನಕ್ಕಾ, ಬಾವ್ಯಾಗ ಕೊಡಾ ಬಿಡಾಕತ್ತೀಯೇನು?" ಎಂದಳು ಸಾತವ್ವ.

ರೂಪಾಲಿ ಬಗ್ಗಿ ಒಳಗೆ ಹೋದಳು. ಸೀರೆ ಭರಮವ್ವನ ಅಂಗೈಯಲ್ಲಿ ಇಷ್ಟಿಷ್ಟೇ ಸರಿಯತೊಡಗಿತು. ಹೆಂಗಸರು ಇಣುಕಿದರು, ಯಾರೋ ಮೊಬೈಲಿನ ಬೆಳಕು ಬಿಟ್ಟರು. ಹಸಿರು ಖಣ ಕಾಣಿಸಿತು, ಅದರ ಕಡೆ ತೆವಳುವ ಎರಡು ಹಿಮ್ಮಡಿ ಕಾಣಿಸಿದವು. ಆಮೇಲೆ ಸೀರೆ ಸರಿಯುವುದು ನಿಂತಿತು. ಒಳಗೆ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಅವುಗಳ ನಡುವೆ, ಹಳೆಯ ಬಾಗಿಲು ತನ್ನಷ್ಟಕ್ಕೆ ಒಂದು ಕೂದಲಿನಷ್ಟು ಅಲುಗಿದಂಥ ಸದ್ದು. ಹಿಂದೆ ನಿಂತವರಿಗೆ ಅದು ಕೇಳಿರಲಾರದು. ಸೀರೆ ಹಿಡಿದವಳ ಕೈಗೆ ಕೇಳಿತು.

"ಬಾ," ಎಂದಳು ಭರಮವ್ವ. ಸೀರೆಯನ್ನು ಮೆಲ್ಲಗೆ ಜಗ್ಗಿದಳು.

ರೂಪಾಲಿ ಕಂಬಕ್ಕೆ ಅಂಗೈ ಊರಿದ್ದನ್ನು ಎಲ್ಲರೂ ಕಂಡರು. ಹಿಂದೆ ಹಿಂದೆ ಸರಿಯುತ್ತ ಅವಳು ಹೊರಗೆ ಬಂದಾಗ ಅಂಗೈ ಬಿಳಿಯಾಗಿತ್ತು, ಕೂದಲೂ ಬಿಳಿಯಾಗಿತ್ತು. ಉಡಿ ಬರಿದಾಗಿತ್ತು.

"ಹಿಡಿ ಎಲ್ಲೈತಿ?" ಎಂದಳು ಸಾತವ್ವ.

"ಅತ್ತೀ, ನಾ ಹೊರಗಾಗೇನಿ," ಎಂದಳು ರೂಪಾಲಿ, ಎಲ್ಲರಿಗೂ ಕೇಳುವಂತೆ.

ಒಬ್ಬಳ ಕೈಯಿಂದ ಪುಟ್ಟಿ ಬಿತ್ತು. ಹತ್ತಿರ ನಿಂತಿದ್ದವರು ಹಿಂದೆ ಸರಿದರು. ಸಾತವ್ವ ರೂಪಾಲಿಯ ಮುಖ ನೋಡಿದಳು, ಆಮೇಲೆ ಭರಮವ್ವನ ಮುಖವನ್ನು ಬಹಳ ಹೊತ್ತು ನೋಡಿದಳು. ಭರಮವ್ವ ಮೊದಲೇ ಕಡಿದು ಬಂಡೆಯ ಮರೆಯಲ್ಲಿ ಇಟ್ಟಿದ್ದ ಜಾಲಿಯ ಕೊಂಬೆಯನ್ನು ಎಳೆದು ತಂದು ಗವಿಯ ಬಾಯಿಗೆ ಅಡ್ಡ ಹಾಕಿದಳು. ಮುಳ್ಳು ಹೀಗೆ ತಯಾರಾಗಿ ಸಿಕ್ಕದ್ದು ಸಾತವ್ವನ ಕಣ್ಣಿಗೆ ಬಿದ್ದಿತ್ತು. ಆದರೆ ಹಿರಿಯಳು ಮುಳ್ಳು ಹಾಕಿದ ಮೇಲೆ ದಾಟುವ ಧೈರ್ಯ ಅವಳಿಗೂ ಇರಲಿಲ್ಲ.

ಮೂರು ದಿನ ರೂಪಾಲಿ ಕುರಿಹಟ್ಟಿಯ ಮಾಡಿನ ಕೆಳಗೆ ಕೂತಳು, ಬರದ ಮುಟ್ಟಿಗೆ. ಅವಳ ಪಾಲಿನ ಕೆಲಸವೆಲ್ಲ ಭರಮವ್ವನ ಮೈಮೇಲೆ ಬಿತ್ತು. ಲಕ್ಷ್ಮಪ್ಪ ಊರಿನ ಮುಂದೆ ಮುಖ ಹೋಯಿತೆಂದು ಎರಡು ಹೊತ್ತು ಉಣ್ಣಲಿಲ್ಲ, ಮೂರನೆಯ ಹೊತ್ತಿಗೆ ಒಗ್ಗರಣೆಯ ವಾಸನೆಗೆ ಎದ್ದು ಬಂದ. ಜಗಲಿಗೆ ಭರಮವ್ವ ಬೀಡಿ ಊರಿನ ಅಂಗಡಿಯಿಂದ ಸುಣ್ಣ ತಂದು ಬಳಿದಳು. ಅದರ ಮೇಲೆ ಘಟ ಕೂತಿತು, ದೇವರು ಏನೂ ಅನ್ನಲಿಲ್ಲ.

ನವರಾತ್ರಿಯ ನಡುವೆ ಒಂದು ಮುಂಜಾನೆ, ಊರಿನ ಎಲ್ಲ ಒಲೆಗಳ ಮುಂದೆ ರೊಟ್ಟಿ ಬಡಿಯುವ ಸದ್ದು ಇದ್ದಾಗ, ಭರಮವ್ವನ ತಂಬಿಗೆಯಲ್ಲಿನ ನೀರು ತಾನಾಗಿ ನಡುಗಿತು. ಹಿಂದೆಯೇ ಒಂದು ಸದ್ದು. ಸಿಡಿಲಿನಂಥದ್ದಲ್ಲ. ಬಹಳ ದೊಡ್ಡ ಪ್ರಾಣಿಯೊಂದು ನಿಂತು ನಿಂತು ಸಾಕಾಗಿ ಮಲಗಿದಂಥ ಸದ್ದು.

ಹೆಂಗಸರೆಲ್ಲ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಒಬ್ಬರನ್ನೊಬ್ಬರು ನೋಡಿ, ಒಳಗೆ ಓಡಿ, ಮಕ್ಕಳನ್ನು ಎಣಿಸಿಕೊಂಡು ಮತ್ತೆ ಬಂದರು. ಕರಿಬಂಡೆಯ ಸೂರು ಮುರಿದು ಕೂತಿತ್ತು. ಮನೆಯಷ್ಟು ದಪ್ಪದ ಕಲ್ಲುಗಳು ಗವಿಯಿದ್ದ ಕಡೆ ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ನಡುವಿನಿಂದ ಹಾಲಿನಂಥ ನೀರು ಹರಿದು ಬರುತ್ತಿತ್ತು. ಜಾಲಿಯ ಕೊಂಬೆಯ ಒಂದು ತುದಿ ಹೊರಗೆ ಕಾಣುತ್ತಿತ್ತು. ಭರಮವ್ವ ಅಲ್ಲೇ ಕೆಸರಿನಲ್ಲಿ ಕೂತಳು. ಈಗ ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡಳು. ಇನ್ನು ಹೇಳುವುದೇನೂ ಉಳಿದಿಲ್ಲ, ಕಣ್ಣಿದ್ದವರು ನೋಡಲಿ.

ಎಳೆಗೂಸನ್ನು ಎದೆಗೆ ಅವಚಿಕೊಂಡು ನಿಂತಿದ್ದ ಒಬ್ಬಳು, "ನಾವೇನರ ಒಳಗ ಇದ್ದಿದ್ರ," ಎಂದು ಶುರು ಮಾಡಿದಳು.

"ಮುಟ್ಟು ತಾಗಿತು," ಎಂದಳು ಸಾತವ್ವ, ಮೆಲ್ಲಗೆ. "ಹಿರೇವ್ವ ತಾಳಲಿಲ್ಲ."

ಶುರು ಮಾಡಿದವಳು ಮಾತು ಮುಗಿಸಲಿಲ್ಲ. ಒಂದೊಂದಾಗಿ ತಲೆಗಳು ಆಡಿದವು. ಭರಮವ್ವ ಕೆಸರಿನಲ್ಲಿ ಕೂತಲ್ಲಿಂದಲೇ ಎಲ್ಲರ ಮುಖ ನೋಡಿದಳು. ಅವರ ಕಣ್ಣುಗಳು ಕಲ್ಲಿನ ಮೇಲಿರಲಿಲ್ಲ, ದೂರದಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ ರೂಪಾಲಿಯ ಮೇಲಿದ್ದವು. ಕಲ್ಲು ಬಿದ್ದಾಗ ಆಗದ ಹೆದರಿಕೆ ಭರಮವ್ವನಿಗೆ ಆಗ ಆಯಿತು.

ದೀಪಾವಳಿಯ ಹೊತ್ತಿಗೆ ಲಕ್ಷ್ಮಪ್ಪನದೇ ಎರಡು ಮರಿ ಸತ್ತವು. ಒಬ್ಬಳಿಗೆ ಗರ್ಭ ಇಳಿಯಿತು. ನೀರಿನ ಟಾಕಿಯ ಹತ್ತಿರ ರೂಪಾಲಿ ಹೋದರೆ ಸಾಲು ತಾನಾಗಿ ಚದುರಿತು, ಅವಳು ತುಂಬಿಕೊಂಡು ಹೋದ ಮೇಲೆ ನಲ್ಲಿ ತೊಳೆದರು. ಒಂದು ದಿನ ಯಾರೋ ಬಾಗಿಲಿಗೆ ಸಗಣಿ ಎಸೆದಿದ್ದರು. ಮಾತು ಫೌಂಡ್ರಿಯವರೆಗೂ ಹೋಗಿ ತನ್ನ ಹೆಸರು ಬಂದಾಗ ಬೀರೇಶ ಓಡಿ ಬಂದ, ವಡಗಾವಿಯಲ್ಲಿ ಖೋಲಿ ಹಿಡಿದು ಹೆಂಡತಿಯನ್ನು ಕರೆದುಕೊಂಡು ಹೋದ. ಹೋಗುವಾಗ ರೂಪಾಲಿ ಅತ್ತೆಯ ಕೈ ಹಿಡಿದುಕೊಂಡಳು.

"ಅಲ್ಲೂ ರೊಟ್ಟಿನ ರೀ ಅತ್ತಿ. ಜೋಡಿಗೆ ನೂಲು. ಕಲ್ಲು ಅಷ್ಟ ಇಲ್ಲ ಮ್ಯಾಲ."

"ನೀ ಮ್ಯಾಲ ನೋಡ್ಕೋತನ ಇರು," ಎಂದಳು ಭರಮವ್ವ.

ಖಣ ಸುತ್ತುವ ಹಿರಿತನವನ್ನು ಊರು ಅವಳಿಂದ ತೆಗೆದು ಸಾತವ್ವನಿಗೆ ಕೊಟ್ಟಿತು. ಯಾರೂ ಬಂದು ಹೇಳಲಿಲ್ಲ. ಸಂಕ್ರಾಂತಿಗೆ ಕುಂಕುಮಕ್ಕೆ ಕರೆಯುವುದು ಮೊದಲು ಸಾತವ್ವನ ಮನೆಯಿಂದ ಶುರುವಾಯಿತು, ಅಷ್ಟೇ.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಸಾತವ್ವನ ಮನೆಗೆ ಸೊಸೆ ಬಂದಿದ್ದಳು. ಲಗಮವ್ವ, ನಂದಗಡದ ಕಡೆಯ ಹುಡುಗಿ, ಇನ್ನೂ ಮುಖದ ಮೇಲಿನ ಅರಿಶಿನ ಹೋಗಿರಲಿಲ್ಲ. ಮಹಾನವಮಿ ಹತ್ತಿರ ಬಂದಾಗ ಊರಿನ ಗಂಡಸರು ಹೊಗೆ ಹಿಡಿದ ಜಗಲಿಗಳನ್ನು ನೋಡಿ ಗೊಣಗಿದರು. ಅಲಿಶಾ ಒಮ್ಮೆ ಬಂದು ಬಿದ್ದ ಕಲ್ಲುಗಳನ್ನು ನೋಡಿ, ಉಳಿದದ್ದೂ ಬೀಳುತ್ತದೆ, ಹತ್ತಿರ ಹೋಗಬೇಡಿ ಎಂದು ಮನೆಮನೆಗೆ ಹೇಳಿ ಹೋಗಿದ್ದಳು. ಅವಳು ರೂಪಾಲಿಯ ಗೆಳತಿ. ಕೇಳಿದವರು ಯಾರು?

ಅಮಾವಾಸ್ಯೆಯ ಮರುದಿನ ಭರಮವ್ವ ಗಂಡನಿಗೆ ಬುತ್ತಿ ಕೊಡಲು ಹೋಗುವಾಗ ಕರಿಬಂಡೆಯ ಕಡೆಯಿಂದ ಖುರಪಿಯ ಸದ್ದು ಕೇಳಿತು. ಬುತ್ತಿ ಹಿಡಿದೇ ಆ ಕಡೆ ತಿರುಗಿದಳು. ಬಿದ್ದ ಕಲ್ಲುಗಳ ಪಕ್ಕದಲ್ಲಿ ಒಂದು ಸಂದಿ. ಹಳೆಯ ಗವಿಯ ಒಂದು ಮೂಲೆ ಕುಸಿಯದೆ ಒಳಗೆ ಉಳಿದಿತ್ತು. ಹೆಂಗಸರು ಸಂದಿಯನ್ನು ಅಗಲ ಮಾಡಿ ಒಬ್ಬೊಬ್ಬರಾಗಿ ಒಳಗೆ ಇಳಿದಿದ್ದರು. ಹೊರಗೆ ಪುಟ್ಟಿಗಳಲ್ಲಿ ಹೊಸ ಶೇಡಿ, ತೊಳೆದಷ್ಟು ಬಿಳಿ. ಒಂದು ಹಳೆಯ ಸೀರೆಯ ತುದಿ ಹಿಡಿದು ಸಾತವ್ವ ಸಂದಿಯ ಬಾಯಿಯಲ್ಲಿ ನಿಂತಿದ್ದಳು. ಸೀರೆಯನ್ನು ಅಂಗೈಗೆ ಎರಡು ಸುತ್ತು ಬಿಗಿದುಕೊಂಡಿದ್ದಳು. ಭರಮವ್ವನನ್ನು ಕಂಡು ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ನಡುವ ಒಂದಿಷ್ಟು ಕೆತ್ತದ ಬಿಟ್ಟೇವಿ ಯಕ್ಕಾ. ಖಣಾನೂ ಸುತ್ತೇನಿ," ಎಂದಳು. "ಹಿಡಿಗೆ ಬೇಕಲ್ಲ."

ಭರಮವ್ವ ಬುತ್ತಿಯ ಗಂಟನ್ನು ಕೆಳಗಿಟ್ಟಳು. ಬಯಲಿನಲ್ಲಿ ಲಕ್ಷ್ಮಪ್ಪನ ಕುರಿಗಳು ಬಂಡೆಗೆ ಬೆನ್ನು ಹಾಕಿ, ದೂರದಲ್ಲಿ, ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅವಳು ಸಾತವ್ವನ ಜೊತೆ ಜಗಳವಾಡಲಿಲ್ಲ. ಪಕ್ಕಕ್ಕೆ ಹೋಗಿ, ಸೆರಗಿನಲ್ಲಿ ಅಡಗಿದ್ದ ಕೈಯ ಹಿಂದಿನಿಂದ ಸೀರೆಯನ್ನು ತಾನೂ ಹಿಡಿದಳು. ಸಾತವ್ವ ಬಿಡಿಸಿಕೊಳ್ಳಲಿಲ್ಲ.

ಭರಮವ್ವ ಬಗ್ಗಿ ಕತ್ತಲೆಯೊಳಗೆ ಒಬ್ಬೊಬ್ಬರ ಹೆಸರು ಹಿಡಿದು ಕೂಗತೊಡಗಿದಳು. ಒಬ್ಬೊಬ್ಬರೇ ಓ ಎಂದರು. ಕೊನೆಗೆ, "ಲಗಮವ್ವಾ," ಎಂದು ಕರೆದಳು.

ಒಳಗೆ ಉಗುರಿನಿಂದ ಮಣ್ಣು ಕೆರೆಯುವ ಸದ್ದು. ಒಂದು ಹನಿ ಬಿದ್ದ ಸದ್ದು.

"ಲಗಮವ್ವಾ, ಓ ಅನ್ನವ್ವ."

ಕೆರೆಯುವ ಸದ್ದು ನಿಲ್ಲಲಿಲ್ಲ. ಸೀರೆಯ ಮೇಲೆ ನಾಲ್ಕು ಕೈಗಳು ಬಿಗಿಯಾದವು. ಭರಮವ್ವ ಮತ್ತೆ ಕರೆದಳು.